ಮದ್ದಳೆಯ ದ್ಯಾವ ಮದುವೆಯ ಸಾಲಿನಲ್ಲಿ ನಿಂತದ್ದು

"ಕೇಳ್ರಪ್ಪೋ ಕೇಳಿ! ಹೊನ್ನಗಿರಿಯ ರಾಜಕುಮಾರಿ ಮಲ್ಲಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನೇ ಅಳಿಯ. ತಪ್ಪಿದವನಿಗೆ ನಾಳೆಯ ಸೂರ್ಯ ಇಲ್ಲ!"

ಡಂಗುರದ ಈ ಮಾತು ದ್ಯಾವನ ಕಿವಿಗೆ ಬಿದ್ದಿರಲಿಲ್ಲ. ಮದ್ದಳೆ ಕಟ್ಟುವ ಕಸುಬಿನವನು ಅವನು. ಅರಮನೆಯಲ್ಲೊಂದು ಮದ್ದಳೆ ಶ್ರುತಿ ಕೂರುತ್ತಿಲ್ಲವೆಂದು ಕರೆ ಬಂದಿತ್ತು. ಕಾವಲುಗಾರ ಅವನನ್ನು ಮಾತಾಡಲೂ ಬಿಡದೆ ಒಂದು ಸಾಲಿನಲ್ಲಿ ನಿಲ್ಲಿಸಿದ. ಎದುರಿಗೆ ಜರತಾರಿ ಉಟ್ಟವರು. ಇವರೆಲ್ಲ ಮದ್ದಳೆ ರಿಪೇರಿಯವರೇ?

ರಾಜಕುಮಾರಿ ಮೊದಲನೆಯವನನ್ನು ಕೇಳಿದಳು: "ಮೋಡ ಕವಿದರೆ ಗಂಟಲು ಕಟ್ಟುತ್ತದೆ, ಬಿಸಿಲು ಕಂಡರೆ ದನಿ ಬಿಡುತ್ತದೆ. ಏನದು?"

"ಕೋಗಿಲೆ!" ಅಂದ ಆ ಪಾಳೆಯಗಾರ. ಅವನನ್ನು ಎಳೆದೊಯ್ದರು.

ಎರಡನೆಯವನು ಪಂಡಿತ. ಅವನನ್ನು ರಾಜಕುಮಾರಿ ಕೇಳಿದಳು: "ಖಾಲಿಯಿದ್ದಾಗ ಕೂಗಾಡುತ್ತದೆ, ತುಂಬಿದಾಗ ಸುಮ್ಮನಾಗುತ್ತದೆ."

"ಕೊಡ! ತುಂಬಿದ ಕೊಡ ತುಳುಕುವುದಿಲ್ಲ."

ಅವನನ್ನೂ ಎಳೆದೊಯ್ದರು. ದ್ಯಾವ ಬಾಗಿಲ ಕಡೆ ನೋಡಿದ. ಈಟಿಗಳು ಅಡ್ಡ ನಿಂತಿದ್ದವು.

ಅವನ ಸರದಿಗೆ ಮೊದಲ ಪ್ರಶ್ನೆಯೇ ಮತ್ತೆ ಬಂತು. ಅವಳು ತನ್ನ ಮದ್ದಳೆಯ ದೂರು ಹೇಳುತ್ತಿದ್ದಾಳೆಂದು ದ್ಯಾವ ತಿಳಿದ. "ಅದು ಚರ್ಮದ ಗುಣ ತಾಯಿ. ಥಂಡಿಗೆ ಸಡಿಲವಾಗುತ್ತೆ, ಬಿಸಿಲಿಗೆ ಬಿಗಿಯಾಗುತ್ತೆ."

ಸಭೆ ಗುಸುಗುಟ್ಟಿತು. ಯಾಕೆಂದು ಅವನಿಗೆ ತಿಳಿಯಲಿಲ್ಲ.

"ಖಾಲಿಯಿದ್ದಾಗ ಕೂಗಾಡುವುದು?"

"ಈ ಚಾವಡಿಯೇ ಅಲ್ವೇ? ಬರಿದಾಗಿದ್ದಾಗ ಗೋಡೆಗಳು ಪ್ರತಿ ಪೆಟ್ಟನ್ನೂ ವಾಪಸು ಕೊಡ್ತವೆ. ಜನ ಕೂತರೆ ನುಂಗಿಬಿಡ್ತಾರೆ. ಅದಕ್ಕೇ ನಾನು ಖಾಲಿ ಜಾಗದಲ್ಲಿ ಕಂಬಳಿ ತೂಗುಹಾಕಿ ಶ್ರುತಿ ಮಾಡೋದು."

ಅವಳು ಪೀಠದ ತುದಿಗೆ ಸರಿದಳು. "ಅವಳಿಜವಳಿ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಒಬ್ಬಳಿಗೆ ಏಟು ಬಿದ್ದರೆ ಇನ್ನೊಬ್ಬಳು ನಡುಗುತ್ತಾಳೆ."

"ಎಡ ಮುಚ್ಚಿಗೆ, ಬಲ ಮುಚ್ಚಿಗೆ, ಮದ್ದಳೆಯ ಎರಡು ಬದಿಯ ಚರ್ಮ. ನೀವು ಬಲಗಡೆ ಮಾತ್ರ ಬಿಗಿದಿರಬೇಕು, ಅದಕ್ಕೇ ಎರಡೂ ಮುನಿಸಿಕೊಂಡಿವೆ. ಮದ್ದಳೆ ಎಲ್ಲಿದೆ ತಾಯಿ?"

ಅವಳು ನಕ್ಕಳು. "ನಾನು ಕೆಟ್ಟದಾಗಿ ನುಡಿಸಿದರೂ ಇವರೆಲ್ಲ ಭೇಷ್ ಅನ್ನುತ್ತಿದ್ದರು. ಕಿವಿಯಿರುವ ಒಬ್ಬನನ್ನು ಹುಡುಕುತ್ತಿದ್ದೆ."

ದೊರೆ ಎದ್ದು ನಿಂತ. "ಒಗಟು ಗೆದ್ದೆಯಪ್ಪ. ನೀನೇ ನನ್ನ ಅಳಿಯ!"

ಒಗಟೇ? ಎಳೆದೊಯ್ದವರ ಗತಿ ಆಗ ದ್ಯಾವನಿಗೆ ಅರ್ಥವಾಯಿತು. "ಬುದ್ಧಿ, ಮೊದಲು ಅವರಿಬ್ಬರನ್ನು ಬಿಡಿಸಿ. ಅವರು ಚರ್ಮ ಮುಟ್ಟಿದವರಲ್ಲ, ಅವರಿಗೆ ಹೇಗೆ ತಿಳಿದೀತು?"

ದೊರೆ ಮಗಳ ಮುಖ ನೋಡಿದ. ಅವಳು ತಲೆ ತಗ್ಗಿಸಿ "ಬಿಡಿಸಿ ಅಪ್ಪಾಜಿ" ಅಂದಳು. ಪಾಳೆಯಗಾರನೂ ಪಂಡಿತನೂ ಬದುಕಿಕೊಂಡರು.

ದ್ಯಾವ ತಡೆತಡೆದು ಅವಳನ್ನು ಕೇಳಿದ: "ತಾಯಿ, ತಮಗೆ ಈ ಮದುವೆ ಒಪ್ಪಿಗೆಯೇ?"

ಆ ಮಾತನ್ನು ಅವಳಲ್ಲಿ ಈವರೆಗೆ ಯಾರೂ ಕೇಳಿರಲಿಲ್ಲ. ಅವಳು ಕೆಳಗಿಳಿದು ಬಂದು ಅವನ ಕೈಗೆ ತನ್ನ ಮದ್ದಳೆ ಕೊಟ್ಟಳು.

"ಮೊದಲು ನನ್ನನ್ನು ತಾಯಿ ಅನ್ನೋದು ಬಿಡು. ಆಮೇಲೆ ಇದರ ಶ್ರುತಿ ಕೂರಿಸು."

ಮೂರು ತಿಂಗಳಿಗೆ ಮದುವೆಯಾಯಿತು. ಊಟ ಮಾಡಿ ಬಂದವರು ಹೇಳಿದ ಕತೆ ಇದು.