ಒಂದು ರಾಜ್ಯ, ಒಂದು ಗುಂಡು

ಬೆಳ್ಳಿಗುಡ್ಡದ ಪಾಳೆಗಾರ ಕೆಂಚಪ್ಪ ನಾಯಕ ಒಂದು ದಿನ “ಇನ್ನು ಮೇಲೆ ನಾನೇ ರಾಜ” ಎಂದು ದೊಡ್ಡ ರಾಜ್ಯದಿಂದ ಬೇರೆಯಾಗಿಬಿಟ್ಟ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಗಡಿ ದಾಟಬಹುದು, ಅಷ್ಟೇ ರಾಜ್ಯ. ಬಿರುದುಗಳು ಮಾತ್ರ ಹದಿನಾರು.

ಅವನ ಸೈನ್ಯಕ್ಕೆ ಮುನ್ನೂರು ಕೋವಿ. ಕೆಲವು ದೊಡ್ಡ ರಾಜರ ಕೋಟೆಯಿಂದ ಎತ್ತಿಕೊಂಡು ಬಂದವು, ಕೆಲವು ಕರಾವಳಿಯ ಪರದೇಶದ ವ್ಯಾಪಾರಿಗಳಿಂದ ತಂದವು, ಉಳಿದವು ತಾತಂದಿರ ಹಂದಿಬೇಟೆಯವು. ಗುಂಡು ತುಂಬುವ ನಳಿಗೆ ಒಂದರದು ಇನ್ನೊಂದರಂತಿಲ್ಲ.

ನಾಯಕ ಕಮ್ಮಾರ ಈರೋಜನನ್ನು ಕರೆಸಿದ.

“ಒಂದು ರಾಜ್ಯ, ಒಂದು ಗುಂಡು! ಮುನ್ನೂರಕ್ಕೂ ಒಂದೇ ಅಳತೆಯ ಗುಂಡು ಎರಕ ಹೊಯ್ಯಿ.”

“ನಳಿಗೆಗಳೇ ಬೇರೆ ಬೇರೆ ಅಳತೆಯವು, ಬುದ್ಧಿ. ಹೊಂದೋದಿಲ್ಲ.”

“ಹೊಯ್ಯಿ ಅಂದರೆ ಹೊಯ್ಯಿ!”

ಹೊಯ್ದ. ಕವಾಯತಿನ ದಿನ ಅರ್ಧ ಕೋವಿಗಳೊಳಗೆ ಗುಂಡು ಇಳಿಯಲೇ ಇಲ್ಲ. ಉಳಿದವನ್ನು ಸ್ವಲ್ಪ ಬಗ್ಗಿಸಿದರೆ ಸಾಕು, ಗುಂಡು ಉರುಳಿ ಸಿಪಾಯಿಯ ಕಾಲ ಮೇಲೇ ಬೀಳುತ್ತಿತ್ತು. ಕೋಟೆಗೋಡೆಯ ಮೇಲಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ನಾಯಕ ಕೆಂಡವಾದ. “ನನ್ನ ಅಪ್ಪಣೆ ಸರಿಯಾಗೇ ಇದೆ. ತಪ್ಪು ಕಮ್ಮಾರನದು! ಸೆರೆಗೆ ಹಾಕಿ. ವಿಜಯೋತ್ಸವ ಮುಗಿದೊಡನೆ ಅವನ ಬಲಗೈ ಕತ್ತರಿಸಿ.”

ಯಾವ ವಿಜಯ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಸ್ಥಾನದ ಪತ್ರ ಬರೆಯುವ ಸೂರಪ್ಪ ಅಲ್ಲೇ ನಿಂತಿದ್ದ. ಕೈ ಹೋದ ಕಮ್ಮಾರ ಬದುಕುವುದು ಹೇಗೆ? ಸೂರಪ್ಪ ಮುಂದೆ ಬಂದು ಕೈಮುಗಿದ.

“ಎಂಥ ಮಾತು ಸ್ವಾಮಿ, ಒಂದು ರಾಜ್ಯ, ಒಂದು ಗುಂಡು! ಉತ್ಸವಕ್ಕೆ ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿಯೂ ಆಗಲಿ. ಪಟ್ಟದರಸಿಯವರ ಪಾದದ ಅಳತೆಯೇ ಇರಲಿ.”

“ಭೇಷ್! ಮಾಡಿಸು.” ನಾಯಕ ಹಿಂದೆಮುಂದೆ ನೋಡದೆ ಒಪ್ಪಿದ.

ಉತ್ಸವದ ದಿನ ಮುನ್ನೂರೊಂದು ಜೊತೆ ಬಂತು. ನಾಯಕನದು ಆನೆಪಾದ. ತುದಿಗಾಲು ತೂರಿಸುವಷ್ಟರಲ್ಲಿ ಬೆವರಿದ. ಹಿಮ್ಮಡಿ ನೆಲದಲ್ಲೇ ಉಳಿಯಿತು. ಹತ್ತು ಹೆಜ್ಜೆ ಇಟ್ಟು ಇಡೀ ಸೈನ್ಯದೆದುರು ಮುಗ್ಗರಿಸಿದ.

“ಸೂರಪ್ಪ! ಇದು ನನ್ನ ಕಾಲಿಗೆ ಹೊಂದುವುದಿಲ್ಲವಯ್ಯ!”

“ಹೊಂದಲೇಬೇಕು ಸ್ವಾಮಿ, ತಮ್ಮದೇ ಅಪ್ಪಣೆ.”

“ಅಪ್ಪಣೆ ಕೊಟ್ಟರೆ ಕಾಲು ಚಿಕ್ಕದಾಗುತ್ತದೆಯೇ?”

“ಅಪ್ಪಣೆಯಂತೂ ಸರಿಯಾಗೇ ಇದೆ. ಹಾಗಾದರೆ ತಪ್ಪು ಬೇರೆ ಯಾರದೋ ಇರಬೇಕು. ಚಪ್ಪಲಿ ಹೊಲಿದವನ ಕೈ ಕತ್ತರಿಸಲೇ, ತಮ್ಮ ಕಾಲು ಕತ್ತರಿಸಲೇ?”

ನಾಯಕ ಚಪ್ಪಲಿ ನೋಡಿದ. ಸಿಪಾಯಿಗಳ ಹೆಗಲ ಮೇಲಿನ ಬಗೆಬಗೆಯ ಕೋವಿಗಳನ್ನೂ ನೋಡಿದ. ಮುಖ ಇಂಗು ತಿಂದ ಮಂಗನಂತಾಯಿತು.

“ಈರೋಜನನ್ನು ಬಿಟ್ಟುಬಿಡಿ. ಯಾವ ಕೋವಿಗೆ ಯಾವ ಗುಂಡೋ ಅವನೇ ನೋಡಿಕೊಳ್ಳಲಿ” ಎಂದು ಗೊಣಗಿ, ಚಪ್ಪಲಿ ಕಿತ್ತೊಗೆದು ಬರಿಗಾಲಲ್ಲಿ ನಿಂತ. ಆಮೇಲೆ ಸೂರಪ್ಪನ ಕಡೆ ತಿರುಗಿದ. “ಇಷ್ಟಕ್ಕೆ ಇಷ್ಟೆಲ್ಲ ಆಟ ಬೇಕಿತ್ತೇ? ನೇರವಾಗಿ ಬಾಯಲ್ಲಿ ಹೇಳಬಾರದಿತ್ತೇ?”

ಸೂರಪ್ಪ ಸೆರೆಮನೆಯ ಬಾಗಿಲತ್ತ ಕೈ ತೋರಿಸಿದ.

“ನೇರವಾಗಿ ಬಾಯಲ್ಲಿ ಹೇಳಿದವನೇ ಅಲ್ಲವೇ ಸ್ವಾಮಿ, ಅಲ್ಲಿಂದ ಹೊರಗೆ ಬರುತ್ತಿರುವುದು?”