ಚಂಪಾಬಾಯಿ ಮಂಟಪ

ಮೈಸೂರಿನ ಹಳೆಯ ಪೇಟೆಯೊಂದರ ಕೊಳದ ದಂಡೆಯಲ್ಲಿ ನಾಲ್ಕು ಕಂಬಗಳ ಕಲ್ಲುಮಂಟಪವಿದೆ. ಬೆಳಿಗ್ಗೆ ಹೂವಿನವರು, ಮಧ್ಯಾಹ್ನ ಆಟೋದವರು, ಸಂಜೆ ಹರಟೆಯವರು ಅದನ್ನು ಹಂಚಿಕೊಂಡಿದ್ದಾರೆ. ಹೆಸರು ಚಂಪಾಬಾಯಿ ಮಂಟಪ. ಆಕೆ ಯಾವ ಅರಸನ ರಾಣಿಯೋ ಎಂದುಕೊಳ್ಳುವವರುಂಟು. ರಾಣಿಯ ವೇಷವನ್ನು ಆಕೆ ಬೇಕಾದಷ್ಟು ಸಲ ಹಾಕಿದ್ದಳು, ಅಷ್ಟೇ.

ಹಿಂದೆ ಒಮ್ಮೆ ಇಲ್ಲಿ ಸಿನಿಮಾದವರು ಬೀಡುಬಿಟ್ಟಿದ್ದರು. ಚಂಪಾಬಾಯಿ ನಾಟಕ ಕಂಪನಿಯಲ್ಲಿ ಹಾಡಿ, ಅತ್ತು, ಅಳಿಸಿ ಮುಪ್ಪಾದವಳು, ಕಂಪನಿಯೂ ಮುಚ್ಚಿತ್ತು. ಪರದೆ ಬಿದ್ದೊಡನೆ ತನ್ನದೆಲ್ಲ ಗಾಳಿಗೆ ಹೋಯಿತಲ್ಲ, ಒಮ್ಮೆಯಾದರೂ ತನ್ನ ಮುಖ ಉಳಿಯಬೇಕು ಎಂಬ ಆಸೆ ಅವಳನ್ನು ಒಳಗೊಳಗೇ ಸುಡುತ್ತಿತ್ತು. ಕಡೆಗೂ ಸಿಕ್ಕಿದ್ದು, ದಂಡಿಗೆ ಹೊರಟ ಮಗನನ್ನು ಈ ಮಂಟಪದಿಂದ ಬೀಳ್ಕೊಡುವ ತಾಯಿಯ ಪಾತ್ರ, ಒಂದೇ ಮಾತು. ಕೊನೆಯ ದಿನ ಅವಳು ಬಣ್ಣ ಹಚ್ಚಿಕೊಳ್ಳುತ್ತಿರುವಾಗ, ರಾಹುಕಾಲ ಬಂದೀತೆಂದು ದಿಗಿಲುಬಿದ್ದ ಮ್ಯಾನೇಜರು ಅವಳ ದೃಶ್ಯ ಬಾಕಿಯಿರುವುದನ್ನೇ ಮರೆತು, ಕ್ಯಾಮೆರಾಗೆ ಆರತಿ ಎತ್ತಿಸಿ ಕುಂಬಳಕಾಯಿ ಒಡೆಸಿಬಿಟ್ಟನಂತೆ. ಕುಂಬಳಕಾಯಿ ಒಡೆದರೆ ಚಿತ್ರೀಕರಣ ಮುಗಿದಂತೆ. ಆಮೇಲೆ ಕ್ಯಾಮೆರಾ ಓಡಿಸಿದರೆ ಚಿತ್ರಕ್ಕೆ ಕೇಡು ಎಂಬುದು ಅವರ ನಂಬಿಕೆ.

ನಿರ್ದೇಶಕರು ಕೈಮುಗಿದರು. “ಏನ್ಮಾಡ್ಲಿ ತಾಯಿ, ಒಡೆದಾಗೋಯ್ತು.”

“ಕ್ಯಾಮೆರಾ ನೋಡದಿದ್ರೆ ಹೋಗ್ಲಿ ಸ್ವಾಮಿ,” ಎಂದಳು ಚಂಪಾಬಾಯಿ. “ನೀವಾದ್ರೂ ನೋಡ್ತೀರಾ?”

ಆಕೆ ಕಂಬ ಹಿಡಿದು ನಿಂತಳು. ಮಗನ ಪಾತ್ರದವನು ಆಗಲೇ ಕಾರು ಹತ್ತಿ ಹೋಗಿದ್ದ. ಖಾಲಿ ದಾರಿಯನ್ನೇ ನೋಡುತ್ತ, “ತಿರುಗಿ ನೋಡ್ಬೇಡ ಮಗಾ, ನೀನು ನೋಡಿದ್ರೆ ನಾನು ಕಳಿಸಲಾರೆ” ಎಂದಳು. ನೆರೆದ ಪೇಟೆಯೇ ಕಣ್ಣೊರೆಸಿಕೊಂಡಿತು. ಕಾಯಿ ಒಡೆಸಿದ ಮ್ಯಾನೇಜರಂತೂ ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅತ್ತನೆನ್ನುತ್ತಾರೆ.

ಸಿನಿಮಾ ಬಂತು. ಚಂಪಾಬಾಯಿಯೂ ಟಾಕೀಸಿಗೆ ಹೋಗಿ ಹೆಂಗಸರ ಬೆಂಚಿನಲ್ಲಿ ಕೂತಳು. ತೆರೆಯ ಮೇಲೆ ಮಗ ಹೊರಟ; ಬರಿದಾದ ಮಂಟಪ ಅರೆಗಳಿಗೆ ಕಂಡಿತು. ಆಗ ಕತ್ತಲಲ್ಲಿ ಪೇಟೆಯವರೆಲ್ಲ ಒಟ್ಟಿಗೇ ಆ ಮಾತನ್ನು ಹೇಳಿಬಿಟ್ಟರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂದಿನಿಂದ ಮಂಟಪ ಅವಳ ಹೆಸರಿನದಾಯಿತು.

ಆ ಚಿತ್ರದ ಸುರುಳಿ ಎಂದೋ ಹಾಳಾಯಿತು; ನಾಯಕನ ಹೆಸರೂ ಯಾರಿಗೂ ನೆನಪಿಲ್ಲ. ಸಿಟಿ ಬಸ್ಸಿನ ಕಂಡಕ್ಟರು ಮಾತ್ರ ಈಗಲೂ “ಚಂಪಾಬಾಯಿ ಮಂಟಪ, ಯಾರ್ರೀ ಇಳಿಯೋರು” ಎಂದು ಕೂಗುತ್ತಾನೆ. ಇಳಿದವರು ಒಳಗೆ ವಿಗ್ರಹವೋ ಪಟವೋ ಇದ್ದೀತೆಂದು ಬಗ್ಗಿ ನೋಡುತ್ತಾರೆ. ಕಾಣುವುದು ಬರಿಯ ಕಂಬಗಳು. ಚಂಪಾಬಾಯಿ ನೋಡಲು ಹೇಗಿದ್ದಳು ಎಂದು ಕೇಳಿದರೆ, ಹೇಳಬಲ್ಲವರು ಈಗ ಪೇಟೆಯಲ್ಲಿ ಯಾರೂ ಇಲ್ಲ.