ಹಿಮ ಮೆಟ್ಟದ ದಂಡನಾಯಕ

ಯುದ್ಧದಾಟಕ್ಕೆಂದು ಅನಂತಪದ್ಮಯ್ಯನವರು ಬಣ್ಣ ಹಚ್ಚಿದ ತವರದ ಬೊಂಬೆಗಳ ಪಡೆಯು ಚಳಿಗಾಲದ ರಣರಂಗಕ್ಕೆ ಸಿದ್ಧವಾಗುತ್ತಿತ್ತು. ಆ ಪಡೆಯ ಮುಂದೆ ನಿಲ್ಲುವುದೊಂದೇ ಬೊಂಬೆ ದಂಡನಾಯಕನ ಬಾಳಿನ ಆಸೆ. ಹಿಮದಂತೆ ಕಾಣುವ ಬಿಳಿಪುಡಿ ಹಿಡಿದುಕೊಳ್ಳಲೆಂದು ಬೊಂಬೆಗಳ ಕಾಲಡಿಗೆ ಅಂಟು ಬಳಿಯುತ್ತಿದ್ದ ಮುದಿ ಕುಂಚವು ತನ್ನ ಬಳಿ ಬಂದೊಡನೆ ಅವನು ಗದರಿದನು: “ಎಲವೋ ಕುಂಚ, ದೂರ ಸರಿ! ಮೊನ್ನೆ ನೀನೇ ಹೊಳಪು ಕೊಟ್ಟ ಬೂಟುಗಳಿವು. ಇವಕ್ಕೆ ಹಿಮ ಸೋಂಕಕೂಡದು.”

“ಸ್ವಾಮಿ, ನಿಮ್ಮ ಭಟರೆಲ್ಲ ಮೊಣಕಾಲುದ್ದ ಹಿಮದಲ್ಲಿ ನಿಲ್ಲಲಿದ್ದಾರೆ. ತಾವೊಬ್ಬರೇ ಮದುವೆಗೆ ಹೊರಟವರಂತೆ ಕಾಣುವಿರಲ್ಲ?”

“ಅವರು ನಡೆಯುವವರು, ನಾನು ನಡೆಸುವವನು!”

“ಅಪ್ಪಣೆ” ಎಂದು ಕುಂಚವು ಮುಂದೆ ಸಾಗಿತು. ಬಳಿಕ ಉದುರಿಸಿದ ಬಿಳಿಪುಡಿಯು ಅಂಟಿಲ್ಲದ ಅವನ ಕಾಲಡಿಯಲ್ಲಿ ಒಂದಿಷ್ಟೂ ನಿಲ್ಲಲಿಲ್ಲ.

ಅನಂತಪದ್ಮಯ್ಯನವರು ಕನ್ನಡಕವೇರಿಸಿ ದಿಟ್ಟಿಸಿದರು. “ಇವನು ಹಿಮದಲ್ಲಿ ಹೆಜ್ಜೆಯಿಟ್ಟವನೇ ಅಲ್ಲ. ಆಟದ ಊರಿನ ಚೌಕದಲ್ಲಿ ಪ್ರತಿಮೆಯಾಗಿರಲಿ” ಎಂದು ಅವನನ್ನು ಎತ್ತರದ ಕಟ್ಟೆಯ ಮೇಲೆ ಅಂಟಿಸಿ, ಪಡೆಯ ಮುಂದೆ ನಗಾರಿಯವನನ್ನು ನಿಲ್ಲಿಸಿದರು.

ದಂಡನಾಯಕನು ಕಸಿವಿಸಿಗೊಂಡರೂ ಬೂಟುಗಳನ್ನು ನೋಡಿ ಸಮಾಧಾನ ತಂದುಕೊಂಡನು. ಅಷ್ಟರಲ್ಲಿ ಕುಂಚವು ಮೈತುಂಬ ಅಂಟು ಹೊತ್ತು ಮರಳಿ ಬಂದಿತು.

“ಮತ್ತೇಕೆ ಬಂದೆಯೋ?”

“ಕ್ಷಮಿಸಬೇಕು, ಸ್ವಾಮಿ. ಪ್ರತಿಮೆಗಳಿಗೆ ಹಿಮ ಬೀಳುವುದು ತಲೆಯ ಮೇಲೆ.”